ಹೋರಿಗೆ ಹೊದಿಸಿದ ಸೀರೆ

ಸೇಡು ತೀರಿಸಿಕೊಂಡವರು ಕೊನೆಗೆ ಪಶ್ಚಾತ್ತಾಪ ಪಡುತ್ತಾರಂತೆ. ನನಗಂತೂ ಇನ್ನೂ ಆ ಭಾಗ್ಯ ಬಂದಿಲ್ಲ.

ಮೂವತ್ತರ ದಶಕದ ಕೊನೆಯ ಮಾತು. ಹಂಸಭಾವಿಯಿಂದ ಹಾನಗಲ್ಲಿನ ಹತ್ತಿರದ ಹಳ್ಳಿಗೆ ನಾನು ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಮನೆಯ ಯಜಮಾನಿಕೆ ಗಂಡನ ಅಣ್ಣನದು. ಎದುರಿಗೆ ಅವನನ್ನು ‘ಭಾವಾರ’ ಎನ್ನುತ್ತಿದ್ದೆ. ಬರೆಯುವಾಗ ಏಕವಚನ ಸಾಕು. ದೀಪಾವಳಿಗೆ ಹೋರಿ ಬಿಡುವುದರಲ್ಲಿ ಅವನದು ದೊಡ್ಡ ಹೆಸರು. ಕೊರಳಿಗೆ ಒಣಕೊಬ್ಬರಿ ಸರ, ಬೆನ್ನಿಗೆ ಬಣ್ಣದ ಜೂಲು ಹಾಕಿ ಹೋರಿಯನ್ನು ಓಡಿಸುತ್ತಾರೆ. ಗಂಡಸರು ಮೇಲೆ ಬಿದ್ದು ಅವನ್ನು ಕಿತ್ತುಕೊಳ್ಳುತ್ತಾರೆ. ಕಿತ್ತದ್ದು ಯಾರಿಗೆ ಸೇರಬೇಕೆಂದು ತಕರಾರು ಬಂದರೆ ಭಾವನೇ ಪಂಚನಾಗಿ ನಿಂತು, “ಹರಕೊಂಡದ್ದು ಹರಕೊಂಡಾವಗ” ಎಂದು ತೀರ್ಪು ಕೊಡುತ್ತಿದ್ದ.

ಆ ವರ್ಷ ಹಬ್ಬಕ್ಕೆ ನಾಲ್ಕು ದಿನ ಇದ್ದಾಗ ಅವನು ನನ್ನ ಟ್ರಂಕು ತೆಗೆದು ಒಂದು ಸೀರೆ ಹೊರಗೆಳೆದ. ನೇರಳೆ ಬಣ್ಣದ ರೇಷ್ಮೆ, ಅಂಗೈ ಅಗಲದ ಜರಿ ಅಂಚು. ಅವ್ವ ತನ್ನ ಮದುವೆಯಲ್ಲಿ ಉಟ್ಟದ್ದನ್ನೇ ನನ್ನ ಮದುವೆಯಲ್ಲಿ ನನಗೆ ಉಡಿಸಿ, ಆರು ತಿಂಗಳಿಗೆ ಕಣ್ಣು ಮುಚ್ಚಿದ್ದಳು. ಅವಳದೆಂದು ನನ್ನ ಹತ್ತಿರ ಬೇರೇನೂ ಇರಲಿಲ್ಲ.

“ಇದನ್ನ ಕತ್ತರಿಸಿ ಜೂಲಾ ಹೊಲಿ. ಹೊಲಿಗಿ ಛಲೋ ಬರ್ತೈತಿ ನಿನಗ.”

“ನಮ್ಮವ್ವನ ಸೀರಿರೀ ಭಾವಾರ...”

“ಸತ್ತಾಕಿ ಬಂದು ಉಡ್ತಾಳೇನ?”

ನನ್ನ ಗಂಡ ನೆಲ ನೋಡುತ್ತ ನಿಂತಿದ್ದ. ನಾನು ಅಳಲಿಲ್ಲ. ಕತ್ತರಿ ತೆಗೆದುಕೊಂಡು ಒಳಗೆ ಹೋದೆ.

ಕತ್ತರಿಯನ್ನು ಸೀರೆಗೆ ಮುಟ್ಟಿಸಲಿಲ್ಲ. ಹದಿನಾರು ಮೊಳವನ್ನೂ ಮಡಿಕೆ ಹಾಕಿ ಜೂಲಿನ ಅಳತೆಗೆ ತಂದೆ. ನೇರಳೆ ಒಂದೇ ಇದ್ದರೆ ದೂರಕ್ಕೆ ಕಪ್ಪಾಗಿ ಕಾಣುತ್ತದೆ. ಪಕ್ಕದಲ್ಲಿ ಹಳದಿ ಬಂದರೆ ಎರಡೂ ಎದ್ದು ನಿಲ್ಲುತ್ತವೆ, ಆದರೆ ನಡುವೆ ಜರಿಯ ಗೆರೆ ಇರದಿದ್ದರೆ ಜಗಳಕ್ಕೆ ಬೀಳುತ್ತವೆ. ಇದನ್ನು ಯಾರೂ ಕಲಿಸಿರಲಿಲ್ಲ, ಕಣ್ಣೇ ಹೇಳಿತು. ಭಾವನ ಹಳೇ ಧೋತರ ಹರಿದು, ಅರಿಸಿನದ ನೀರಿನಲ್ಲಿ ಅದ್ದಿ, ಚೆಂಡುಹೂವಿನ ಹಾಗೆ ಮಾಡಿ ಜರಿಯ ಗುಂಟ ಹೊಲಿದೆ. ಬಲಪಕ್ಕೆಗೆ ಬರುವ ಸೆರಗಿನ ತುದಿಗೆ ಮಾತ್ರ ಅಂಗೈಯಷ್ಟು ದೊಡ್ಡ ಹೂವು. ಮಡಿಕೆಗಳನ್ನೆಲ್ಲ ಹಿಡಿದಿದ್ದದ್ದು ಒಂದೇ ದಾರ. ಅದರ ತುದಿಯನ್ನು ಆ ಹೂವಿಗೆ ಕಟ್ಟಿದ್ದೆ.

ಹಬ್ಬಕ್ಕೆ ತವರಿನಿಂದ ತಮ್ಮ ಬಂದ. ಗಟ್ಟಿಮುಟ್ಟಾದ ಆಳು. ಜೂಲು ನೋಡಿದವನೇ ಸೀರೆಯ ಗುರುತು ಹಿಡಿದು ಹಲ್ಲು ಕಚ್ಚಿದ.

“ಕೊಬ್ಬರಿ ಮುಟ್ಟಬ್ಯಾಡ” ಎಂದೆ. “ಬಲಕ್ಕ ನಿಂದರು. ದೊಡ್ಡ ಹಳದಿ ಹೂವು ಹಿಡದು ಜಗ್ಗು.”

ಹೋರಿ ಬೀದಿಗೆ ಬಂದಾಗ ನಾವು ಹೆಂಗಸರು ಮಾಳಿಗೆಯ ಮೇಲಿದ್ದೆವು. ಅಂಥ ಬಣ್ಣ ಯಾರೂ ನೋಡಿರಲಿಲ್ಲ. “ಎಲ್ಲಾ ನನ್ನ ವಿಚಾರ” ಎಂದು ಭಾವ ಮೀಸೆ ತಿರುವುತ್ತ ಕೊಚ್ಚಿಕೊಳ್ಳುತ್ತಿದ್ದದ್ದು ಮೇಲಿನವರೆಗೂ ಕೇಳಿಸಿತು.

ಹೋರಿ ಬಿಟ್ಟರು. ತಮ್ಮ ಹೂವಿಗೇ ಕೈ ಹಾಕಿದ. ಹೋರಿ ಓಡುತ್ತಲೇ ಇತ್ತು, ದಾರ ಸರ್ರನೆ ಕಿತ್ತುಬಂತು, ಅವ್ವನ ಸೀರೆ ಬೀದಿಯುದ್ದಕ್ಕೂ ಬಿಚ್ಚಿಕೊಂಡಿತು. ಭಾವನ ಹೋರಿ ಬರೀ ಮೈಯಲ್ಲಿ ಓಡಿಹೋಯಿತು. ಊರಿಗೆ ಊರೇ ಬಿದ್ದು ಬಿದ್ದು ನಕ್ಕಿತು.

“ಸೀರಿ ಕೊಡಲೇ!” ಭಾವ ತಮ್ಮನ ಮೈಮೇಲೆ ಏರಿ ಬಂದ.

ತಮ್ಮ ಸೀರೆ ಸುತ್ತಿಕೊಳ್ಳುತ್ತ, “ಹರಕೊಂಡದ್ದು ಹರಕೊಂಡಾವಗ ಅಂತ ನೀವ ಹೇಳ್ತೀರೆಲ್ಲಾ, ಮಾಮಾರ?” ಎಂದ. ಸುತ್ತ ನಿಂತವರು ಹೌದೆಂದರು.

ತಮ್ಮ ನನ್ನ ಕೈಗಿಟ್ಟ ಸೀರೆಯನ್ನೇ ಮರುದಿನ ಮಧ್ಯಾಹ್ನ ಉಟ್ಟೆ. ಗೊರಸು ತಾಗಿ ಅಂಚು ಗೇಣುದ್ದ ಹರಿದಿತ್ತು, ಹೊಲಿಯಲಿಲ್ಲ. ಭಾವನ ಧೋತರದ ಹೂವನ್ನೂ ಬಿಚ್ಚಲಿಲ್ಲ. ಅದು ಎದುರಿಗೇ ಕಾಣುವಂತೆ ಸೆರಗು ಹೊದ್ದು ಬಡಿಸಲು ಹೋದೆ. ಭಾವ ಎಲೆಯಿಂದ ತಲೆ ಎತ್ತಲಿಲ್ಲ.

“ಸತ್ತಾಕಿ ಸೀರಿ ಉಟ್ಟೇನ್ರಿ ಭಾವಾರ, ನೋಡ್ರಿ” ಎಂದೆ. “ಇನ್ನೊಂದು ಹೋಳಿಗಿ ಹಾಕ್ಲ್ಯಾ?”