ಖಾಲಿ ಸೀಟಿನ ತೂಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ತಗಡಿನ ಶೆಡ್ಡಿನೊಳಗೆ ಲೇತ್ ಅಕ್ಕ ಭಾರ ಎತ್ತುವ ಚೈನ್ ಪುಲ್ಲಿಯ ಸರಪಳಿಯನ್ನು ನಿಧಾನವಾಗಿ ಎಳೆಯುತ್ತಿದ್ದಾರೆ. ಮೇಲಿನ ತೊಲೆಗೆ ತೂಗುಹಾಕಿದ ಪುಟ್ಟ ಹೆಲಿಕಾಪ್ಟರ್ ನೆಲ ಬಿಟ್ಟು ಗೇಣುದ್ದ ಏಳುತ್ತದೆ, ಅತ್ತಿತ್ತ ಓಲಾಡಿ ನಿಲ್ಲುತ್ತದೆ. ಅಕ್ಕ ಟಾರ್ಚು ಹಿಡಿದು ಗೋಡೆ ನೋಡುತ್ತಾರೆ. ಅಲ್ಲಿ ಸೀಮೆಸುಣ್ಣದ ಎರಡು ಗೆರೆಗಳಿವೆ. ಸೀಟು ಖಾಲಿ ಇದ್ದಾಗ ಹೆಲಿಕಾಪ್ಟರಿನ ಮೂತಿ ಮೇಲಿನ ಗೆರೆಗೆ ಬರಬೇಕು. ಮನುಷ್ಯ ಕೂತಾಗ ಕೆಳಗಿನ ಗೆರೆಗೆ ಇಳಿಯಬೇಕು. ಈಗ ಸೀಟಿನಲ್ಲಿ ಯಾರೂ ಇಲ್ಲ. ಮೂತಿ ಮಾತ್ರ ಕೆಳಗಿನ ಗೆರೆಯಲ್ಲಿದೆ.

“ಇವತ್ತೂ ಕೂತಿದ್ದಾರೆ,” ಎನ್ನುತ್ತಾರೆ ಅಕ್ಕ, ಹಾಲಿನವನು ಬಂದ ಎನ್ನುವಷ್ಟೇ ಸಲೀಸಾಗಿ.

ಕಬ್ಬಿಣ ಕಡೆಯುವ ಲೇತ್ ಯಂತ್ರದಲ್ಲಿ ಪಂಪುಗಳ ಶಾಫ್ಟು, ಬುಷ್ಷಿನಂಥ ಬಿಡಿಭಾಗ ಮಾಡುವುದರಲ್ಲಿ ಅಕ್ಕನದು ಎತ್ತಿದ ಕೈ. ಲೇತಿನ ಮುಂದೆ ನಿಂತು ನಿಂತೇ ತಲೆ ನೆರೆತಿದೆ, ಲೇತ್ ಅಕ್ಕ ಎಂಬ ಹೆಸರೂ ಬಂದಿದೆ. ಹಗಲಿಡೀ ಊರವರ ಕೆಲಸ, ಬೆಳಗಿನ ಜಾವ ಮಾತ್ರ ತಮ್ಮದು. ಇಷ್ಟಾದರೂ ಅಂಗಡಿಗೆ ಒಂದು ಬೋರ್ಡಿಲ್ಲ. ಬೀದಿಯವರು ಇದನ್ನು ಗುರುತಿಸುವುದು ‘ಗಿರಗಿಟ್ಲೆ ಮನೆ’ ಎಂದೇ. ಆ ಅಡ್ಡಹೆಸರು ಅಂಟಿಸಿ ಹೋದವರು ಅಕ್ಕನ ಗಂಡ.

ಅವರು ಪಂಪ್ ರಿಪೇರಿಯವರು. ಮನೆಯಲ್ಲೇ ಜೋಡಿಸಿಕೊಳ್ಳುವ ಹೆಲಿಕಾಪ್ಟರಿನ ಚಿತ್ರವನ್ನು ಯಾವುದೋ ಹಳೇ ಪತ್ರಿಕೆಯಲ್ಲಿ ಕಂಡಿದ್ದೇ ತಡ, ತಲೆಗೆ ಹುಳ ಹೊಕ್ಕಿತು. ಬಿಡಿಭಾಗಗಳು ಒಂದೊಂದೇ ಪೆಟ್ಟಿಗೆಯಲ್ಲಿ ಬರತೊಡಗಿದವು. ಬಾಲದ ಕೊಳವೆ ಅಡುಗೆಮನೆಗೆ ಅಡ್ಡಲಾಗಿ ಮಲಗಿತು. ಒಲೆ ಹಚ್ಚಬೇಕಾದರೆ ಅದನ್ನು ದಾಟಿಯೇ ಹೋಗಬೇಕು. ರೆಕ್ಕೆಗಳು ಬಾಗಬಾರದೆಂದು ಅವಕ್ಕೆ ಮಂಚ ಬಿಟ್ಟುಕೊಟ್ಟು ಗಂಡ ಹೆಂಡತಿ ನೆಲದಲ್ಲಿ ಮಲಗಿದರು. ಕೊನೆಯ ಪೆಟ್ಟಿಗೆ ಬರುವ ಮೊದಲೇ ಕಳಿಸುತ್ತಿದ್ದ ಕಂಪನಿ ಬಾಗಿಲು ಹಾಕಿತು. ಅದರಲ್ಲಿ ಬರಬೇಕಿದ್ದ ಪಿನ್ನು, ಬುಷ್ಷುಗಳನ್ನೆಲ್ಲ ನಕ್ಷೆ ಹಿಡಿದು ಅಕ್ಕನೇ ಕಡೆದರು.

“ರೆಕ್ಕೆ ಹಿಡಿಯೋ ಪಿನ್ನು ನಂದು. ಅದು ಮುರಿದ್ರೆ ನಮ್ಮನೆಯವರೇ ಬೀಳೋದು,” ಎನ್ನುತ್ತಾರೆ ಅಕ್ಕ. “ಬೇರೆಯವರ ಪಂಪಿಗಾದ್ರೆ ಒಂದು ಸಲ ಅಳೀತೀನಿ. ಅವತ್ತು ಹತ್ತು ಸಲ ಅಳೆದೆ.”

ನೋಡಲು ಯಂತ್ರ ತೀರಾ ಸರಳ. ಉಕ್ಕಿನ ಕೊಳವೆಗಳ ಪಂಜರ, ಬೆನ್ನ ಹಿಂದೆ ಎಂಜಿನ್, ಅದರಿಂದ ಮೇಲಕ್ಕೆ ಬೆಲ್ಟು, ನೆತ್ತಿಯಲ್ಲಿ ಎರಡು ರೆಕ್ಕೆ, ಬಾಲದಲ್ಲಿ ಚಿಕ್ಕದೊಂದು ಫ್ಯಾನು. ಮುಂದೆ ಒಂದೇ ಸೀಟು. ಯಂತ್ರ ಎಷ್ಟು ಹಗುರವೆಂದರೆ ಕೂರುವವರ ಮೈಭಾರವೂ ಅದರದೇ ಒಂದು ಭಾಗ. ಮುಂದಕ್ಕೆ ಭಾರ ಹೆಚ್ಚಾದರೆ ಏಳುವಾಗಲೇ ಮೂತಿ ನೆಲಕ್ಕೆ ಕುಕ್ಕುತ್ತದೆ. ಈ ತೂಗುಹಾಕುವ ಪರೀಕ್ಷೆ ಅದಕ್ಕಾಗಿಯೇ.

ಒಂದೇ ಸೀಟಿನದನ್ನು ತರಿಸಿದಿರಲ್ಲ, ನನ್ನನ್ನೇನು ಬಾಲಕ್ಕೆ ಕಟ್ಟಿಕೊಂಡು ಹೋಗುತ್ತೀರಾ ಎಂದು ಅಕ್ಕ ರೇಗಿಸುತ್ತಿದ್ದರಂತೆ. ಅಸಲಿಗೆ ಆ ಮನುಷ್ಯ ಯಾವ ಸೀಟಿನಲ್ಲೂ ನೆಟ್ಟಗೆ ಕೂತವರಲ್ಲ. ಮಗಳು ಒಳಗೆ ಬಂದರೆ ಸಾಕು, ಕೈಯಲ್ಲಿ ಊಟದ ತಟ್ಟೆಯಿದ್ದರೂ ಎದ್ದು, “ಬಾ ಪುಟ್ಟಿ, ಕೂತ್ಕೋ” ಎಂದು ಜಾಗ ಬಿಟ್ಟುಕೊಡುತ್ತಿದ್ದರು. ಹಾಸಿಗೆ ಹಿಡಿದ ಮೇಲೂ ಅವಳಿಗಾಗಿ ಗೋಡೆಯ ಕಡೆ ಸರಿಯುತ್ತಿದ್ದರಂತೆ. ಯಂತ್ರ ಒಮ್ಮೆಯೂ ನೆಲ ಬಿಡುವ ಮೊದಲೇ ಅವರು ತೀರಿಕೊಂಡರು. ಖಾಲಿ ಸೀಟು ಭಾರವಾದದ್ದು ಆಮೇಲೆ.

ಪಕ್ಕದ ಬೀದಿಯ ಕ್ರೇನ್ ಡ್ರೈವರ್ ಇದನ್ನು ಕೇಳಿ ನಕ್ಕವರೇ ಪರೀಕ್ಷಿಸಲು ಬಂದರು. ಕೊಳವೆಗಳೊಳಗೆ ತಂತಿ ತೂರಿಸಿ ನೋಡಿದರು, ಏನೂ ಸಿಗಲಿಲ್ಲ. ಇಡೀ ಯಂತ್ರವನ್ನು ತಕ್ಕಡಿಗೆ ಏರಿಸಿದರು, ತೂಕ ಮೊದಲಿನಷ್ಟೇ ಇತ್ತು. ಕೊನೆಗೆ ಸೀಟಿನ ಮೇಲೆ ಅಂಗೈ ಊರಿದವರು ಥಟ್ಟನೆ ಕೈ ಹಿಂತೆಗೆದುಕೊಂಡರು. ಸೀಟು ಬೆಚ್ಚಗಿತ್ತು. ಅಕ್ಕ ಒಳಗಿನಿಂದ ಚಹಾ ತರುವಷ್ಟರಲ್ಲಿ ಅವರು ಕಾಲಿಗೆ ಬುದ್ಧಿ ಹೇಳಿಯಾಗಿತ್ತು.

ಮಗಳು ಈಗ ಹಾರಾಟ ಕಲಿತು ಬಂದಿದ್ದಾಳೆ. ಅಪ್ಪನದೇ ಎತ್ತರ, ಅಪ್ಪನದೇ ಮೈಕಟ್ಟು. ಅಪ್ಪ ಕಟ್ಟಿದ್ದನ್ನು ತಾನೇ ಎಬ್ಬಿಸಬೇಕೆಂದು ಅವಳ ಹಟ. ಅಕ್ಕ ಈವರೆಗೆ ಒಪ್ಪಿಲ್ಲ, ತೂಗುಹಾಕಿದಾಗ ಅವಳನ್ನು ಹತ್ತಿರಕ್ಕೂ ಬಿಟ್ಟಿಲ್ಲ. ಖಾಲಿ ಇದ್ದಾಗಲೇ ಹೀಗೆ ವಾಲುವ ಯಂತ್ರ ಇವಳೂ ಕೂತರೆ ಏನಾದೀತು?

“ಒಬ್ಬರನ್ನ ಕಳ್ಕೊಂಡಿದ್ದೀನಿ. ಲೆಕ್ಕಕ್ಕೆ ಸಿಗದ ಭಾರ ಇಟ್ಕೊಂಡು ಮಗಳನ್ನ ಮೇಲೆ ಕಳಿಸಲ್ಲ,” ಎನ್ನುತ್ತಾರೆ. ಇವತ್ತು ಮಾತ್ರ ಒಂದು ಸಲ ಕೂತು ನೋಡಲಿ ಎಂದು ಮನಸ್ಸು ಮಾಡಿದ್ದಾರೆ. ಗೆರೆ ತಪ್ಪಿದರೆ ಎಲ್ಲ ಬಿಚ್ಚಿ ಗುಜರಿಗೆ ಹಾಕುವುದೆಂದು ತಾಯಿ ಮಗಳ ನಡುವೆ ಮಾತಾಗಿದೆ.

ಮಗಳು ಬಂದು ಪಂಜರದ ಕೊಳವೆಯತ್ತ ಕೈ ಚಾಚುತ್ತಾಳೆ. ಇನ್ನೂ ಮುಟ್ಟಿಲ್ಲ. ಮೇಲೆ ಸರಪಳಿ ಕಿರ್ರೆನ್ನುತ್ತದೆ. ಮೂತಿ ಮೆಲ್ಲಗೆ ಎದ್ದು, ಮೇಲಿನ ಗೆರೆಗೆ ಬಂದು ನಿಲ್ಲುತ್ತದೆ.

ಅಕ್ಕ ಟಾರ್ಚನ್ನು ಗೆರೆಯ ಹತ್ತಿರಕ್ಕೆ ಹಿಡಿದು ಇನ್ನೊಮ್ಮೆ ನೋಡುತ್ತಾರೆ. ಮಗಳು ತಾಯಿಯ ಮುಖ ನೋಡುತ್ತಾಳೆ, ಆಮೇಲೆ ಹತ್ತಿ ಕೂರುತ್ತಾಳೆ. ಮೂತಿ ಇಳಿಯುತ್ತದೆ. ಕೆಳಗಿನ ಗೆರೆಗೆ ಬಂದು ನಿಲ್ಲುತ್ತದೆ, ಕೂದಲೆಳೆಯಷ್ಟೂ ಹೆಚ್ಚಿಲ್ಲ. ಅಕ್ಕ ತಮಗೇ ಗೊತ್ತಿಲ್ಲದಂತೆ ಒಂದು ಹೆಜ್ಜೆ ಸರಿದು, ಪಕ್ಕದಲ್ಲಿ ಇನ್ನೊಬ್ಬರು ನಿಲ್ಲುವಷ್ಟು ಜಾಗ ಬಿಡುತ್ತಾರೆ.

ಮಗಳು ಇಳಿದು ಕೈಕಾಲು ತೊಳೆಯಲು ಹೋಗುತ್ತಾಳೆ. ಅವಳು ಬಾಗಿಲು ದಾಟಿದ ಮೇಲೆ ಸರಪಳಿ ಮತ್ತೆ ಕಿರ್ರೆನ್ನುತ್ತದೆ. ಮೂತಿ ಕೆಳಗಿಳಿಯುತ್ತದೆ. ಅಕ್ಕ ಗೋಡೆಯ ಗೆರೆಗಳನ್ನು ಸೆರಗಿನಿಂದ ಒರೆಸಿಬಿಡುತ್ತಾರೆ. ಇನ್ನು ಅವುಗಳ ಕೆಲಸವಿಲ್ಲ.

“ಆಕಾಶಕ್ಕೇನೂ ಹೋಗೋದು ಬೇಡ. ಮೊಣಕಾಲೆತ್ತರ ಎದ್ದು, ಹಾಗೇ ಇಳಿದ್ರೆ ಸಾಕು. ನಾಳೆ ಎಬ್ಬಿಸ್ತಾಳೆ,” ಎನ್ನುತ್ತಾರೆ. ಶೆಡ್ಡಿನ ಬಾಗಿಲು ಎಳೆಯುತ್ತ, ಒಳಗಿನ ಕತ್ತಲೆಗೆ ಒಮ್ಮೆ ಇಣುಕುತ್ತಾರೆ.

“ಅಲ್ಲೀವರೆಗೆ ಕೂತಿರಲಿ ಬಿಡಿ. ಅವಳು ಬಂದ್ರೆ ಎದ್ದು ಜಾಗ ಕೊಡ್ತಾರೆ.”