‘ಸಾಧ್ಯವಾದ ಮಟ್ಟಿಗೆ’ ಎಂಬ ಮಾತಿಗೆ ನನ್ನ ಆಕ್ಷೇಪ

ಬರೋಡಾದ ಕಾಲೇಜೊಂದರಲ್ಲಿ ನಾನು ಬಿ.ಎ. ಎರಡನೆಯ ವರ್ಷ ಓದುತ್ತಿದ್ದಾಗ ಆಫ್ರಿಕದ ಒಂದು ಸಣ್ಣ ದೇಶ ನನ್ನ ಪಾಲಿಗೆ ಬಂತು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಗುಜರಾತಿನ ಹಲವು ಕಾಲೇಜುಗಳು ಸೇರಿ ಅಹಮದಾಬಾದಿನಲ್ಲಿ ವಿಶ್ವಸಂಸ್ಥೆಯ ಅಣಕು ಅಧಿವೇಶನ ನಡೆಸುವುದಿತ್ತು. ನಮ್ಮ ಕಾಲೇಜಿನಿಂದ ನಾಲ್ವರು ಹೋಗಬೇಕು, ನಾಲ್ವರಿಗೂ ಬೇರೆ ಬೇರೆ ದೇಶ. ರಾಜ್ಯಶಾಸ್ತ್ರದ ಪ್ರಾಧ್ಯಾಪಕರು ಬಿಸ್ಕತ್ತಿನ ಡಬ್ಬಿಯಲ್ಲಿ ಚೀಟಿ ಹಾಕಿ ನಮ್ಮೆದುರು ಹಿಡಿದರು. ನನಗೆ ಬಂದ ದೇಶಕ್ಕೆ ಸಮುದ್ರವೇ ಇರಲಿಲ್ಲ. ಅಲ್ಲಿಯ ಸರಕು ಹಡಗು ಹತ್ತಬೇಕಾದರೆ ನೆರೆಯ ದೇಶವನ್ನು ದಾಟಿಯೇ ಹೋಗಬೇಕು. ಆ ನೆರೆಯ ದೇಶದ ಚೀಟಿ ಎತ್ತಿದವಳು ನಮ್ಮ ತಂಡದ ನಾಯಕಿ, ನನಗಿಂತ ಒಂದು ವರ್ಷ ಹಿರಿಯಳು.

ನಾನು ಆ ತಂಡದಲ್ಲಿ ಇದ್ದದ್ದೇ ಅವಳಿಂದ. ಅಪ್ಪನಿಗೆ ಧಾರವಾಡದಿಂದ ಬರೋಡಾಕ್ಕೆ ವರ್ಗವಾಗಿ ಆಗ ಮೂರು ವರ್ಷ. ತರಗತಿಯಲ್ಲಿ ನಾನು ಬಾಯಿ ಬಿಡುತ್ತಿದ್ದುದು ಹಾಜರಿಗೆ ಮಾತ್ರ. ನಾನು ಬರೆದ ಒಂದು ಪ್ರಬಂಧವನ್ನು ಓದಿ, ಇಷ್ಟು ಬರೆಯುವವಳು ಮಾತಾಡಲೂ ಬಲ್ಲಳು ಎಂದು ಅವಳೇ ತೀರ್ಮಾನ ಮಾಡಿದಳು. ಒಂದು ತಿಂಗಳು ಕಾಲೇಜು ಬಿಟ್ಟ ಮೇಲೆ ಗ್ರಂಥಾಲಯದ ಹಿಂದಿನ ಬೇವಿನ ಮರದ ಕೆಳಗೆ ನನ್ನನ್ನು ನಿಲ್ಲಿಸಿ ಇಂಗ್ಲಿಷಿನಲ್ಲಿ ಭಾಷಣ ಮಾಡಿಸಿದಳು. ನಾನು ತಡವರಿಸಿದರೆ ನಗುತ್ತಿರಲಿಲ್ಲ, ಮೊದಲಿನಿಂದ ಹೇಳು ಎನ್ನುತ್ತಿದ್ದಳು.

ಅಧಿವೇಶನದಲ್ಲಿ ಕಾಲೇಜಿಗೊಂದರಂತೆ ಕರಡು ನಿರ್ಣಯ ಚರ್ಚೆಗೆ ಬರುವುದಿತ್ತು, ನಮ್ಮದನ್ನು ಬರೆದವಳೂ ಅವಳೇ. ಸಮುದ್ರವಿಲ್ಲದ ದೇಶಗಳ ಸರಕಿಗೆ ದಂಡೆಯ ದೇಶಗಳು ದಾರಿ ಕೊಡಬೇಕು ಎನ್ನುವುದು ಅದರ ಸಾರ. ಮತಕ್ಕೆ ಹಾಕದೆ, ಸಭೆ ಒಮ್ಮತದಿಂದ ಒಪ್ಪಿದ ಕರಡಿಗೆ ಮಾತ್ರ ಬಹುಮಾನ ಎಂಬ ನಿಯಮವಿತ್ತು. ಟೈಪು ಮಾಡಿದ ಒಂದು ಪ್ರತಿಯನ್ನು ನನಗೆ ಕೊಟ್ಟು, ಇದು ನಿನ್ನ ದೇಶಕ್ಕೇ ಒಳ್ಳೆಯದು, ನೀನು ಎದ್ದು ಬೆಂಬಲಿಸಿದರೆ ಸಾಕು ಎಂದಳು.

ಅಪ್ಪ ವಿಮಾ ಕಚೇರಿಯೊಂದರ ಕ್ಲೇಮು ವಿಭಾಗದಲ್ಲಿದ್ದರು. ಮಕರಪುರದ ಕಾರ್ಖಾನೆಗಳಲ್ಲಿ ಬೆಂಕಿ ಬಿದ್ದರೆ, ಯಂತ್ರ ಮುರಿದರೆ ಹೋಗಿ ನೋಡಿ ವರದಿ ಬರೆಯುವುದು ಅವರ ಕೆಲಸ. ಆ ಸಂಜೆ ಗೋರ್ವಾದ ನಮ್ಮ ಬಾಡಿಗೆ ಮನೆಯ ಮೆಟ್ಟಿಲ ಮೇಲೆ ಕುಳಿತು ಕರಡನ್ನು ಓದಿದರು. ಎರಡನೆಯ ಪುಟದಲ್ಲಿ ಒಂದು ಕಡೆ ಪೆನ್ಸಿಲಿನಿಂದ ಗೆರೆ ಎಳೆದರು. ‘ಸಾಧ್ಯವಾದ ಮಟ್ಟಿಗೆ ದಾರಿ ಒದಗಿಸತಕ್ಕದ್ದು’ ಎಂದಿತ್ತು ಅಲ್ಲಿ.

“ಸಾಧ್ಯ ಆದಷ್ಟು ಅಂದ್ರ ಎಷ್ಟು? ಅದನ್ನ ಹೇಳಾವ್ರು ಯಾರು?” ಎಂದು ಕೇಳಿದರು.

ನಾನು ಯೋಚಿಸಿ, ದಾರಿ ಕೊಡುವ ದೇಶ ಎಂದೆ.

“ಹಂಗಾರ ನಿನ್ನ ದೇಶಕ್ಕ ಏನೂ ಸಿಗಲಿಲ್ಲ” ಎಂದರು.

ಆಮೇಲೆ, ಎಂದೂ ಕಚೇರಿಯ ವಿಷಯ ಮನೆಗೆ ತರದ ಅಪ್ಪ ಒಂದು ಸಂಗತಿ ಹೇಳಿದರು. ಒಬ್ಬ ವರ್ಕ್‌ಶಾಪಿನ ಮಾಲೀಕನಿಗೆ ಪರಿಹಾರ ಇಲ್ಲವೆಂದು ಆ ವರ್ಷವೇ ಅವರು ಪತ್ರ ಬರೆಯಬೇಕಾಗಿ ಬಂದಿತ್ತು. ಪಾಲಿಸಿಯಲ್ಲಿ ‘ಯುಕ್ತ ಎಚ್ಚರಿಕೆ ವಹಿಸಿದ್ದರೆ’ ಎಂಬ ಒಂದು ಮಾತಿತ್ತು, ಯುಕ್ತ ಎಂದರೆ ಎಷ್ಟು ಎಂದು ಹೇಳುವವರು ಕಂಪನಿಯವರು. ಆ ಮನುಷ್ಯ ಅದನ್ನು ಓದದೆ ರುಜು ಹಾಕಿದ್ದ. ಪತ್ರ ಕೈಗೆ ತಲುಪಿದ ದಿನ ಕಚೇರಿಗೆ ಬಂದು, ಜಗಳವನ್ನೂ ಆಡದೆ, ಅಪ್ಪನ ಮೇಜಿನೆದುರು ಅರ್ಧ ಗಂಟೆ ಕುಳಿತು ಎದ್ದು ಹೋದನಂತೆ. “ಬ್ಯಾಡ ಅನ್ನೂದು ಭಾಳ ಸುಲಭ. ಯಾವ ಶಬ್ದ ಬ್ಯಾಡ, ಯಾಕ ಬ್ಯಾಡ, ಅಷ್ಟನ್ನ ಹೇಳು. ಉಳಿದದ್ದನ್ನ ಹೊಗಳು” ಎಂದು ಕಾಗದ ಹಿಂದೆ ಕೊಟ್ಟರು.

ಮರುದಿನವೇ ನಾಯಕಿಗೆ ಇದನ್ನು ಹೇಳಬೇಕಿತ್ತು. ಧೈರ್ಯ ಬರಲಿಲ್ಲ. ಹೇಳಿದ್ದು ಅಧಿವೇಶನದ ದಿನ, ಅಹಮದಾಬಾದಿನ ಆ ಕಾಲೇಜಿನ ಮೊಗಸಾಲೆಯಲ್ಲಿ, ಚಹಾದ ವಿರಾಮದಲ್ಲಿ. ಅವಳಿಗೆ ಸಿಟ್ಟು ಬರಲಿಲ್ಲ, ದಣಿವು ಬಂತು. ಆ ಮಾತು ತೆಗೆದರೆ ದಂಡೆಯ ದೇಶಗಳ ಚೀಟಿ ಸಿಕ್ಕಿರುವ ಐದು ಕಾಲೇಜಿನವರು ಒಪ್ಪುವುದಿಲ್ಲ, ಬೆಳಗಿನಿಂದ ಒಬ್ಬೊಬ್ಬರ ಕಾಲು ಹಿಡಿದು ಒಪ್ಪಿಸಿದ್ದೇನೆ ಎಂದಳು. ಕೊನೆಗೆ ನನ್ನ ಕೈ ಹಿಡಿದು, “ಇದು ನಿಜವಾದ ದೇಶವಲ್ಲ. ಹೆಸರು ಬರೆದ ರಟ್ಟಿನ ಹಲಗೆ. ಇವತ್ತೊಂದು ದಿನ ಸುಮ್ಮನಿರು” ಎಂದಳು.

ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಸುಮ್ಮನಿರುವುದೆಂದೇ ನಿಶ್ಚಯಿಸಿ ಒಳಗೆ ಹೋಗಿ ಕುಳಿತೆ. ಅಧ್ಯಕ್ಷರ ಕುರ್ಚಿಯಲ್ಲಿದ್ದ ನಿವೃತ್ತ ಪ್ರಾಂಶುಪಾಲರು ಕರಡನ್ನು ಕಲಮು ಕಲಮಾಗಿ ಓದಿಸಿದರು. ಆ ಮಾತಿದ್ದ ನಾಲ್ಕನೆಯ ಕಲಮು ಬಂದಾಗ, ಯಾರಿಗಾದರೂ ಆಕ್ಷೇಪವಿದೆಯೇ ಎಂದು ಎಲ್ಲ ಕಲಮಿಗೂ ಕೇಳಿದಂತೆಯೇ ಕೇಳಿದರು. ನನ್ನ ಕೈ ಹಲಗೆಯನ್ನು ಎತ್ತಿತ್ತು. ಯಾಕೆ ಎತ್ತಿದೆ ಎಂದು ಆ ರಾತ್ರಿ ಅವ್ವ ಕೇಳಿದಾಗಲೂ ನನಗೆ ಸರಿಯಾಗಿ ಹೇಳಲಾಗಲಿಲ್ಲ. ಅಪ್ಪನ ಮೇಜಿನೆದುರು ಸುಮ್ಮನೆ ಕುಳಿತಿದ್ದ ಆ ಮನುಷ್ಯ ಕಣ್ಣ ಮುಂದೆ ಬಂದಿದ್ದ ಎಂದರೆ ಅರ್ಧ ನಿಜ. ಒಂದು ತಿಂಗಳು ಮರದ ಕೆಳಗೆ ಕಲಿತದ್ದನ್ನು ಒಮ್ಮೆ ಆಡಿ ನೋಡುವ ಆಸೆಯೂ ಇತ್ತು.

ಎದ್ದು ನಿಂತೆ. ನಿರ್ಣಯದ ಉದ್ದೇಶವನ್ನು ನನ್ನ ದೇಶ ಸ್ವಾಗತಿಸುತ್ತದೆ, ಆದರೆ ‘ಸಾಧ್ಯವಾದ ಮಟ್ಟಿಗೆ’ ಎಂಬ ಮಾತು ಉಳಿದರೆ ಒಮ್ಮತದಲ್ಲಿ ಸೇರಲಾರದು ಎಂದೆ. ಸಾಧ್ಯ ಯಾವುದು ಎಂದು ಹೇಳುವವರು ದಾರಿ ಕೊಡುವವರೇ ಆದರೆ, ದಾರಿ ಕೇಳುವವರಿಗೆ ಈ ಕಾಗದದಿಂದ ಉಪಯೋಗವಿಲ್ಲ ಎಂದೆ. ಅಷ್ಟು ಹೇಳಿ ಕುಳಿತೆ. ನಾಯಕಿ ಎದ್ದು ಬಹಳ ಚೆನ್ನಾಗಿ ಉತ್ತರ ಕೊಟ್ಟಳು. ಅರ್ಧ ರೊಟ್ಟಿಯಾದರೂ ಸಿಗುವಾಗ ತಟ್ಟೆ ನೂಕಬಾರದು ಎಂದಳು, ಸಭೆ ಚಪ್ಪಾಳೆ ತಟ್ಟಿತು. ಮತಕ್ಕೆ ಹಾಕಿದರು. ನಿರ್ಣಯ ಸುಲಭವಾಗಿ ಗೆದ್ದಿತು. ವಿರೋಧವಾಗಿ ಎದ್ದ ಕೈ ನನ್ನದೊಂದೇ. ನನ್ನ ಆಕ್ಷೇಪವನ್ನು ನಡಾವಳಿಯಲ್ಲಿ ಬರೆದುಕೊಳ್ಳಿ ಎಂದು ಅಧ್ಯಕ್ಷರು ಹೇಳಿದರು. ಒಮ್ಮತ ಮುರಿದಿದ್ದರಿಂದ ಬಹುಮಾನ ಬೇರೊಂದು ಕಾಲೇಜಿಗೆ ಹೋಯಿತು.

ವಾಪಸು ರೈಲಿನಲ್ಲಿ ಉಳಿದಿಬ್ಬರು ಅಂತ್ಯಾಕ್ಷರಿ ಆಡಿದರು. ಅವಳು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ಆಣಂದ ದಾಟಿದ ಮೇಲೆ ಒಂದೇ ಮಾತು ಹೇಳಿದಳು: “ನಿನ್ನ ಆಕ್ಷೇಪ ಸರಿ. ಅದನ್ನು ಒಂದು ವಾರ ಮೊದಲು ನನಗೆ ಹೇಳಬೇಕಿತ್ತು.” ಪರೀಕ್ಷೆ ಮುಗಿಯುವವರೆಗೆ ಅವಳು ನನ್ನೊಡನೆ ಹೆಚ್ಚು ಮಾತಾಡಲಿಲ್ಲ. ಕಾಲೇಜು ಬಿಡುವ ದಿನ ತನ್ನ ಟಿಪ್ಪಣಿ ಪುಸ್ತಕಗಳನ್ನೆಲ್ಲ ತಂದು ನನಗೆ ಕೊಟ್ಟು, ಮುಂದಿನ ವರ್ಷ ಕರಡು ನೀನೇ ಬರಿ ಎಂದು ಹೇಳಿಹೋದಳು.

ಬರೆದೆ. ಮುಂದಿನ ಅಧಿವೇಶನ ಸೂರತ್‌ನಲ್ಲಿ ಇತ್ತು. ಪ್ರವಾಹ, ಭೂಕಂಪಗಳಾದಾಗ ದೇಶಗಳು ಒಂದಕ್ಕೊಂದು ನೆರವಾಗುವ ಬಗ್ಗೆ ನನ್ನ ಕರಡು. ಒಂದೊಂದು ಶಬ್ದವನ್ನೂ ತೂಗಿ ಬರೆದಿದ್ದೆ, ಅಪ್ಪನೂ ಗೆರೆ ಎಳೆಯಲು ಜಾಗ ಸಿಗದೆ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡಿದ್ದರು. ಅಂಥದರಲ್ಲಿ ಚಹಾದ ವಿರಾಮಕ್ಕೆ ಸೂರತ್‌ನ ಒಂದು ಕಾಲೇಜಿನ ಹುಡುಗಿ ಕರಡು ಹಿಡಿದುಕೊಂಡು ಬಂದಳು. ಎರಡು ಜಡೆ, ಮೊದಲನೆಯ ವರ್ಷ. ‘ಸಂಬಂಧಪಟ್ಟ ಸರಕಾರ ಕೇಳಿಕೊಂಡ ಮೇಲೆ’ ನೆರವು ಕಳಿಸತಕ್ಕದ್ದು ಎಂದು ಬರೆದಿದ್ದೀರಿ, ಇದು ತಪ್ಪು ಎಂದಳು. ಚಿಕ್ಕವಳಿದ್ದಾಗ ತಾಪಿ ನದಿಯ ನೀರು ಅವರ ಊರಿಗೆ ನುಗ್ಗಿತ್ತಂತೆ. ತಂತಿ ಕಂಬಗಳೆಲ್ಲ ಬಿದ್ದುಹೋಗಿದ್ದವಂತೆ. “ಮೂರು ದಿನ ನಾವು ಮಾಳಿಗೆಯ ಮೇಲಿದ್ದೆವು. ಕೇಳಿಕೊಳ್ಳುವುದು ಹೇಗೆ?” ಎಂದಳು.

ಅವಳು ಹೇಳುತ್ತಿರುವುದು ಸರಿ ಎಂದು ಆ ಕ್ಷಣದಲ್ಲೇ ನನಗೆ ಗೊತ್ತಾಗಿತ್ತು. ಸಿಟ್ಟೂ ಬಂತು. ಆ ಮಾತು ತೆಗೆದರೆ, ಕೇಳದೆ ಒಳಗೆ ಬರುವುದು ಅತಿಕ್ರಮಣ ಎಂದು ಎದ್ದು ನಿಲ್ಲಲು ಹತ್ತು ದೇಶಗಳು ಕಾದಿದ್ದವು. ಅವರನ್ನೆಲ್ಲ ಬೆಳಗಿನಿಂದ ಒಪ್ಪಿಸಿದ್ದೆ. ಇದೆಲ್ಲವನ್ನೂ ಅವಳಿಗೆ ವಿವರಿಸಿದೆ. ಕೊನೆಗೆ ಭುಜದ ಮೇಲೆ ಕೈಯಿಟ್ಟು, ಆಕ್ಷೇಪ ಎತ್ತಬೇಡ ಎಂದು ಕೇಳಿಕೊಂಡೆ. ಅವಳು ಗಡಿಯಾರ ನೋಡಿ ಒಳಗೆ ಹೋದಳು. ಆ ಕಲಮು ಬಂದಾಗ ನಾನು ಅವಳನ್ನೇ ನೋಡುತ್ತಿದ್ದೆ. ಅವಳು ಹಲಗೆ ಎತ್ತಲಿಲ್ಲ. ನನ್ನ ನಿರ್ಣಯ ಒಮ್ಮತದಿಂದ ಅಂಗೀಕಾರವಾಯಿತು.

ಬಹುಮಾನದ ಹಿತ್ತಾಳೆಯ ಕಪ್ಪನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ಬಂದೆ. ಅವ್ವ ಖುಷಿಯಿಂದ ಅಕ್ಕಪಕ್ಕದವರಿಗೆಲ್ಲ ತೋರಿಸಿದಳು. ಎರಡು ದಿನ ಕಳೆದ ಮೇಲೆ ಅಪ್ಪನಿಗೆ ಆ ಹುಡುಗಿಯ ವಿಷಯ ಹೇಳಿದೆ.

“ಆಕಿ ಹೇಳಿದ್ದು ಖರೇ ಇತ್ತೇನು?” ಎಂದು ಕೇಳಿದರು.

“ಖರೇ ಇತ್ತು.”

“ಹಂಗಾರ ಆಕಿಗೆ ಅಷ್ಟು ಬರದು ಕಳಸು.”

ಅವಳ ಕಾಲೇಜಿನ ವಿಳಾಸಕ್ಕೆ ಬರೆದೆ. ನಿನ್ನ ಮಾತು ಸರಿಯಾಗಿತ್ತು, ನಿನ್ನನ್ನು ತಡೆದದ್ದು ನನ್ನ ತಪ್ಪು, ನಾನು ಹಿರಿಯಳೆಂಬ ದಾಕ್ಷಿಣ್ಯಕ್ಕೆ ನೀನು ಸುಮ್ಮನಾದೆ, ಅದಕ್ಕಾಗಿ ಬೇಸರವಾಗಿದೆ ಎಂದು ಎರಡು ಪುಟ. ಬರೆದಾಗ ಎದೆ ಹಗುರಾಯಿತು. ನಾಯಕಿ ರೈಲಿನಲ್ಲಿ ಒಂದೇ ಸಾಲಿನಲ್ಲಿ ಹೇಳಿದ್ದನ್ನು ಹೇಳಲು ನನಗೆ ಅಷ್ಟೊಂದು ಕಾಗದ ಬೇಕಾಯಿತು.

ಒಂದು ತಿಂಗಳಾದ ಮೇಲೆ ಇನ್‌ಲ್ಯಾಂಡ್ ಪತ್ರದಲ್ಲಿ ಉತ್ತರ ಬಂತು. ಪತ್ರ ತಲುಪಿತು, ಸಂತೋಷ, ಆದರೆ ನಾನು ಸುಮ್ಮನಾದದ್ದು ನಿಮ್ಮ ಮಾತಿಗಲ್ಲ ಎಂದು ಬರೆದಿದ್ದಳು. ನಮ್ಮ ಊರಿಗೆ ಕೊನೆಯ ಬಸ್ಸು ಸಂಜೆ ಐದಕ್ಕೆ, ಆಕ್ಷೇಪ ಎತ್ತಿ ಮತದಾನ ಶುರುವಾದರೆ ಮುಗಿಯುವಾಗ ಆರಾಗುತ್ತದೆ, ಅದಕ್ಕೆ ಬಿಟ್ಟುಬಿಟ್ಟೆ. ಮುಂದಿನ ವರ್ಷವೂ ಅಧಿವೇಶನ ಸೂರತ್‌ನಲ್ಲೇ ಅಂತೆ, ಇಲ್ಲಿಯ ಚಿಕ್ಕಮ್ಮನ ಮನೆಯಲ್ಲಿ ಉಳಿಯುವ ಏರ್ಪಾಡು ಮಾಡಿಕೊಂಡಿದ್ದೇನೆ, ಆಗ ಯಾರು ಹೇಳಿದರೂ ಬಿಡುವುದಿಲ್ಲ ಎಂದಿದ್ದಳು.

ಪತ್ರವನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ನಗುವುದು ಅಪರೂಪ. ಅವತ್ತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು, ಆಮೇಲೆ ಇನ್ನೊಮ್ಮೆ ಓದು ಎಂದರು.