‘ಏನೂ ಆಗಲಿಲ್ಲ’ ಎಂಬುದಕ್ಕೂ ಒಂದು ಗೆರೆ

ಪರೇಲಿನ ಒಂದು ಮಿದುಳು ಸಂಶೋಧನಾ ಕೇಂದ್ರದಲ್ಲಿ ನನಗೆ ಕಂಪ್ಯೂಟರಿನಲ್ಲಿ ಟೈಪ್ ಮಾಡುವ ಕೆಲಸ ಸಿಕ್ಕಿತ್ತು. ಯಾರು ಯಾವ ಪ್ರಯೋಗ ಮಾಡಿ ಏನು ಕಂಡುಕೊಂಡರು ಎಂದು ನಾನು ತುಂಬಿಸಿದರೆ, ಕಂಪ್ಯೂಟರು ಯಾವ ಔಷಧಿಯಿಂದ ಏನಾಗುತ್ತದೆಂದು ಒಂದಕ್ಕೊಂದು ಗೆರೆ ಎಳೆದು ನಕ್ಷೆ ಮಾಡಿ, ಮುಂದೆ ಯಾವ ಪ್ರಯೋಗ ಮಾಡಬಹುದೆಂದು ಸೂಚಿಸುತ್ತಿತ್ತು.

ಒಂದು ದಿನ ಅದರ ಸೂಚನೆ ನೋಡಿ, ಅಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಸುನಂದಾ ಅಳುವುದೊಂದು ಬಾಕಿ. ವರ್ಷವಿಡೀ ಇಲಿಗಳ ಜೊತೆ ಒದ್ದಾಡಿ ಅವಳು ಮುಗಿಸಿದ್ದ ಪ್ರಯೋಗವನ್ನೇ ಮತ್ತೆ ಮಾಡು ಎನ್ನುತ್ತಿತ್ತು ಕಂಪ್ಯೂಟರು. ಔಷಧಿ ಕೊಟ್ಟರೂ ಇಲಿಗಳ ನೆನಪಿನಲ್ಲಿ ವ್ಯತ್ಯಾಸ ಕಾಣಲಿಲ್ಲವೆಂದು, ಅವಳ ಫಲಿತಾಂಶವನ್ನು ನಕ್ಷೆಗೆ ಸೇರಿಸುವುದು ಬೇಡ ಎಂದಿದ್ದರು ಕೇಂದ್ರದ ಮುಖ್ಯಸ್ಥರಾದ, ನಮ್ಮ ಮೈಸೂರು ಕಡೆಯ ಡಾಕ್ಟರು.

"ಸೇರಿಸೋಣ ಸರ್," ಎಂದು ನಾನೇ ಹೋಗಿ ಅವರಿಗೆ ಹೇಳಿದೆ.

"ಏನೂ ಆಗಲಿಲ್ಲ ಅನ್ನೋದನ್ನ ಏನಂತ ಸೇರಿಸ್ತೀಯಮ್ಮ?"

"ನನ್ನ ಮಗಳ ಕೆಮ್ಮಿಗೆ ಒಬ್ಬ ಡಾಕ್ಟರು ಕೊಟ್ಟ ಔಷಧಿಯಿಂದ ಏನೂ ಆಗಲಿಲ್ಲ. ಅದನ್ನ ಎರಡನೇ ಡಾಕ್ಟರಿಗೆ ಹೇಳದಿದ್ದರೆ ಅವರೂ ಅದೇ ಬಾಟ್ಲಿ ಬರೆದುಕೊಡ್ತಾರಲ್ವಾ? ನಿಮ್ಮ ಕಂಪ್ಯೂಟರೂ ಅದನ್ನೇ ಮಾಡ್ತಿದೆ, ಪಾಪ."

"ಬಾಯಿ ಜೋರು ನಿಂದು!" ಎಂದು ಅವರು ನಕ್ಕುಬಿಟ್ಟರು.

ಆ ವಾರವೇ ಪ್ರೋಗ್ರಾಂ ಬರೆದವರನ್ನು ಕರೆಸಿ, ‘ವ್ಯತ್ಯಾಸವಿಲ್ಲ’ ಎಂದು ತೋರಿಸಲು ಒಂದು ಚುಕ್ಕಿಗೆರೆ ಮಾಡಿಸಿದರು. ಮೊದಲ ಚುಕ್ಕಿಗೆರೆಯ ಪಕ್ಕ ಸುನಂದಾಳ ಹೆಸರನ್ನು ಟೈಪ್ ಮಾಡಿದವಳು ನಾನೇ. ಆಮೇಲೆ ಕಂಪ್ಯೂಟರು ಆ ಪ್ರಯೋಗದ ಸುದ್ದಿ ಬಿಟ್ಟು ಬೇರೆಯದನ್ನು ಸೂಚಿಸಿತು.

ಭಾಂಡುಪಿನ ನಮ್ಮ ಬಿಲ್ಡಿಂಗಿನಲ್ಲಿ ಯಾರಾದರೂ "ಆಫೀಸಲ್ಲಿ ಏನು, ಬರೀ ಟೈಪಿಂಗಾ?" ಎಂದು ಮೂಗು ಮುರಿದರೆ, "ಅಲ್ಲ, ಯಾವ ಪ್ರಯೋಗ ಮಾಡಬಾರದು ಅಂತ ಡಾಕ್ಟರುಗಳಿಗೆ ಹೇಳೋ ಕೆಲಸ" ಎನ್ನುತ್ತೇನೆ. ಹತ್ತನೇ ಕ್ಲಾಸು ಓದಿದವಳಿಗೆ ಅಷ್ಟಾದರೂ ಜಂಬ ಬೇಡವೇ?